ಐದು ಕೆರೆಯ ತೆಪ್ಪ

"ಗುರುಗಳೇ, ನಿಮ್ಮ ಬಾಯಲ್ಲಿ ಇಲ್ಲದ್ದು ಓಲೆಗರಿಯಲ್ಲಿ ಏನಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಬೇರು ಕುಟ್ಟುವುದನ್ನು ನಿಲ್ಲಿಸಲಿಲ್ಲ. ಅವರು ಗಿಡಮೂಲಿಕೆ ಬಲ್ಲವರು. ಅಕ್ಷರ ಬಲ್ಲವರಲ್ಲ. ಬೆಟ್ಟದ ಎಲ್ಲ ಸೊಪ್ಪು, ಎಲ್ಲ ತೊಗಟೆಯ ಗುಣ ಅವರ ಬಾಯಲ್ಲಿತ್ತು. ಶಿಷ್ಯ ಅದನ್ನೆಲ್ಲ ಕೇಳಿ ಕೇಳಿಯೇ ಕಲಿತು ಮುಗಿಸಿದ್ದ.

ಬೆಟ್ಟದ ಕೆಳಗಿನ ಊರಿನಲ್ಲಿ ಒಬ್ಬ ಪಂಡಿತನಿದ್ದ. ಅವನ ಮನೆಯ ಅಟ್ಟದ ತುಂಬ ವೈದ್ಯದ ಓಲೆಗರಿಗಳು. ನಿಮ್ಮ ಶಿಷ್ಯನನ್ನು ಕಳಿಸಿ, ಓದು ಕಲಿಸುತ್ತೇನೆ, ನನ್ನ ಕಣ್ಣು ಮಂಜಾಗುತ್ತಿದೆ, ತಡ ಮಾಡಬೇಡಿ ಎಂದು ಅವನು ಹೇಳಿಕಳಿಸಿದ್ದ. ಮರುದಿನ ಬೆಳಗ್ಗೆ ಸೀಗೆಕಾಯಿ ಗಾಡಿ ಆ ಊರಿಗೆ ಹೊರಡುವುದಿತ್ತು. ಶಿಷ್ಯನಿಗೆ ಹೋಗುವ ಮನಸ್ಸಿರಲಿಲ್ಲ.

"ನಿಮ್ಮನ್ನು ಮೀರಿಸಿದ ವೈದ್ಯ ಈ ಸೀಮೆಯಲ್ಲೇ ಇಲ್ಲ. ನೀವೇ ಹೇಳಿದ್ದೀರಿ" ಎಂದ ಶಿಷ್ಯ.

"ಹೇಳಿದ್ದೇನೆ. ಸುಳ್ಳೇನೂ ಅಲ್ಲ. ನನ್ನ ಕಷಾಯ ಕುಡಿದು, ಸತ್ತವನು ಎದ್ದು ಬಂದು ಬೆಲ್ಲ ಜಾಸ್ತಿಯಾಯಿತು ಎಂದು ಜಗಳವಾಡಿದ್ದುಂಟು. ಅದಿರಲಿ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು ಗುರುಗಳು.

ಎರಡು ಬೆಟ್ಟಗಳ ನಡುವೆ ಒಂದು ಇಳಿಜಾರು. ಆ ಇಳಿಜಾರಿನಲ್ಲಿ ಐದು ಕೆರೆ, ಒಂದರ ಕೆಳಗೆ ಒಂದು. ಮೇಲಿನ ಕೆರೆ ತುಂಬಿದರೆ ಮಿಕ್ಕ ನೀರು ಕೋಡಿಯ ಮೇಲೆ ಹರಿದು ಎರಡನೆಯ ಕೆರೆಗೆ ಬೀಳುತ್ತಿತ್ತು. ಎರಡನೆಯದು ತುಂಬಿದರೆ ಮೂರನೆಯದಕ್ಕೆ. ಹೀಗೆ ಕೊನೆಯತನಕ. ಕೆರೆಗೊಂದು ಊರು. ಐದು ಊರಿಗೂ ಒಂದೇ ನೀರು.

ನೀರು ಒಂದೇ, ಕೆರೆಗಳು ಒಂದೇ ಅಲ್ಲ. ಮೊದಲನೆಯದು ಬೋಗುಣಿಯಂತೆ ದುಂಡಗಿತ್ತು. ಹುಡುಗರು ಬಂಡೆಯ ಮೇಲಿಂದ ಅದಕ್ಕೆ ಧುಮುಕುತ್ತಿದ್ದರು. ಆ ಬಂಡೆ ಎಷ್ಟು ಎತ್ತರವೆಂದರೆ, ಉಂಡು ಧುಮುಕಿದವನಿಗೆ ನೀರು ಮುಟ್ಟುವ ಹೊತ್ತಿಗೆ ಮತ್ತೆ ಹಸಿವಾಗಿರುತ್ತಿತ್ತು. ಎರಡನೆಯದು ಓಣಿಯಂತೆ ಉದ್ದ. ಅಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜಿನ ಪಂದ್ಯ ಆಡುತ್ತಿದ್ದರು. ಮೂರನೆಯದು ಬಹಳ ಅಗಲ. ಬೆರಳು ಬಿಡಿಸಿದ ಅಂಗೈಯಂತೆ ಅದರ ನೀರು ಗುಡ್ಡಗಳ ಸಂದುಸಂದಿಗೂ ಹೊಕ್ಕಿತ್ತು. ಅಲ್ಲಿ ಗಾಳ ಹಾಕುವವರು ಹೆಚ್ಚು. ನಾಲ್ಕನೆಯದರ ನಡುವೆ ಒಂದು ನಡುಗಡ್ಡೆ. ಜನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಉಂಡು ಮಲಗಿ ಬರುತ್ತಿದ್ದರು. ಐದನೆಯದಕ್ಕೆ ಆಳವಿಲ್ಲ. ಮಕ್ಕಳ ಎದೆಮಟ್ಟ ನೀರು. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಕೆರೆ ಎಲ್ಲಿದೆ? ಆದರೆ ಆ ಊರಿನ ಸುತ್ತ ಬಿದಿರು ಬೆಳೆಯುವುದಿಲ್ಲ.

ಅದಕ್ಕೇ ಒಂದು ಪದ್ಧತಿ ಇತ್ತು. ಎಲ್ಲ ಕೆರೆಗಳೂ ಕೋಡಿ ಹರಿದ ದಿನ ಮೇಲಿನ ಊರಿನವರು ಬಿದಿರಿನ ತೆಪ್ಪ ಕಟ್ಟಿ ನೀರಿಗೆ ಬಿಡುತ್ತಿದ್ದರು. ಅದು ಕೊನೆಯ ಊರಿನ ಮಕ್ಕಳಿಗೆ. ಕೆರೆಯಲ್ಲಿ ನೀರು ಇರುವಷ್ಟು ಕಾಲವೂ ಅವರಿಗೆ ಅದೇ ಆಟ. ಸಣ್ಣ ತೆಪ್ಪವಲ್ಲ. ಆನೆ ಮಲಗಿ ಮಗ್ಗುಲು ಬದಲಿಸಿದರೂ ಅಲುಗದು. ಹೊತ್ತು ಒಯ್ಯಲು ಆಗದು, ನೀರೇ ಒಯ್ಯಬೇಕು. ಆಯಾ ಕೆರೆಯನ್ನು ಆಯಾ ಊರಿನ ತೆಪ್ಪಗಾರ ದಾಟಿಸುತ್ತಿದ್ದ. ಕೋಡಿ ಬಂದಾಗ ಇಳಿದು, ಹುಟ್ಟನ್ನು ಕೆಳಗಿನ ಊರಿನವನ ಕೈಗೆ ಕೊಟ್ಟು ಮನೆಗೆ ಹೋಗುತ್ತಿದ್ದ.

ಮೇಲಿನ ಊರಿನ ತೆಪ್ಪಗಾರನಂಥವನು ಹಿಂದೆ ಹುಟ್ಟಿರಲಿಲ್ಲ. ಅವನ ತೆಪ್ಪದ ಮೇಲೆ ಕೂತು ಮೊಸರು ಕಡೆದರೆ ಒಂದು ಹನಿ ಹೊರಗೆ ಸಿಡಿಯುತ್ತಿರಲಿಲ್ಲ. ದಿಕ್ಕು ತಪ್ಪಿದ ಸುಂಟರಗಾಳಿ ಅವನ ಹತ್ತಿರ ದಾರಿ ಕೇಳಿಕೊಂಡು ಹೋಗುತ್ತಿತ್ತು. ಒಂದು ವರ್ಷ ಅವನಿಗೆ ಅನ್ನಿಸಿತು: ಇಷ್ಟು ಬಲ್ಲ ನಾನು ಒಂದೇ ಕೆರೆ ದಾಟಿಸಿ ಇಳಿದುಬಿಡುವುದೇ? ಮಕ್ಕಳ ಕೈಗೆ ತೆಪ್ಪವನ್ನು ನಾನೇ ಕೊಡುತ್ತೇನೆ.

ಮೊದಲ ಕೋಡಿಯಲ್ಲಿ ಎರಡನೆಯ ಊರಿನವನು ಕೈ ಚಾಚಿ ನಿಂತಿದ್ದ.

"ಇಳಿಯಣ್ಣ, ಹುಟ್ಟು ಕೊಡು."

"ನೀರು ಎಲ್ಲಿದ್ದರೂ ನೀರೇ ಕಣಯ್ಯ. ನೀನು ಏರಿಯ ಮೇಲೆ ಕೂತು ಕಡಲೆ ತಿನ್ನು ಹೋಗು" ಎಂದು ತೆಪ್ಪಗಾರ ಮುಂದೆ ಹೋದ.

ಕೋಡಿಯ ನೀರು ತೆಪ್ಪವನ್ನು ಜಾರಿಸಿ ಎರಡನೆಯ ಕೆರೆಗೆ ಇಳಿಸಿತು. ಓಣಿಯಂಥ ಕೆರೆ. ಒಂದು ತುದಿಯಲ್ಲಿ ಹೊಕ್ಕರೆ ಇನ್ನೊಂದು ತುದಿಯಲ್ಲಿ ಕೋಡಿ. ಅದನ್ನೂ ದಾಟಿದ. ಅಲ್ಲಿ ಮೂರನೆಯ ಊರಿನವನು ನಿಂತು ಕೂಗಿದ. ತೆಪ್ಪಗಾರ ಅದನ್ನು ಹೊಗಳಿಕೆ ಎಂದು ತಿಳಿದು ಕೈ ಬೀಸಿದ. ತೆಪ್ಪ ಮೂರನೆಯ ಕೆರೆಗೆ ಇಳಿಯಿತು.

ಅಗಲವಾದ ಕೆರೆಯಲ್ಲಿ ನೀರು ಯಾವ ಕಡೆ ಹೋಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ತೆಪ್ಪಗಾರ ಒಂದು ಸಂದಿಗೆ ಹೊಕ್ಕ. ಅಲ್ಲಿ ಗುಡ್ಡ. ತಿರುಗಿ ಬಂದು ಇನ್ನೊಂದು ಸಂದಿಗೆ ಹೊಕ್ಕ. ಅಲ್ಲೂ ಗುಡ್ಡ. ಮತ್ತೊಂದರಲ್ಲಿ ಬರೀ ಜೊಂಡು. ಆದರೆ ಅವನು ತೆಪ್ಪ ತಿರುಗಿಸುವ ಚಂದ ನೋಡಬೇಕು. ಕೊಕ್ಕರೆಗಳು ಮೀನು ಹಿಡಿಯುವುದನ್ನು ಬಿಟ್ಟು ನೋಡುತ್ತಿದ್ದವು. ಮೀನುಗಳು ತಪ್ಪಿಸಿಕೊಳ್ಳುವುದನ್ನು ಬಿಟ್ಟು ನೋಡುತ್ತಿದ್ದವು. ಏರಿಯ ಮೇಲಿನ ಜನ, ಇವನು ತನ್ನ ಕೈಚಳಕ ತೋರಿಸುತ್ತಿದ್ದಾನೆ ಎಂದುಕೊಂಡು ಪ್ರತಿ ಸುತ್ತಿಗೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವವರನ್ನು ದಾರಿ ಕೇಳುವುದು ಹೇಗೆ?

ಜೊಂಡಿನ ಪಕ್ಕದಲ್ಲಿ ಒಬ್ಬ ಮುದುಕಿ ಗಾಳ ಹಾಕಿಕೊಂಡು ಕೂತಿದ್ದಳು. ತೆಪ್ಪ ಅವಳ ಮುಂದೆ ಮತ್ತೆ ಮತ್ತೆ ಹಾದುಹೋಯಿತು. ಕೊನೆಗೆ ಅವಳೇ ಕೇಳಿದಳು.

"ಯಾಕಪ್ಪಾ, ನಮ್ಮ ಕೆರೆ ಅಷ್ಟು ಹಿಡಿಸಿತೇ?"

"ಹೌದಜ್ಜೀ, ಇಲ್ಲಿ ಗಾಳಿ ಬಲು ಚೆನ್ನಾಗಿದೆ" ಎಂದ ತೆಪ್ಪಗಾರ.

ಮುದುಕಿ ಗಾಳಕ್ಕೆ ಹೊಸ ಹುಳು ಸಿಕ್ಕಿಸಿದಳು. ಅವನು ಇನ್ನೊಂದು ಸುತ್ತು ಹೊರಟ.

ಬೆಟ್ಟದ ಮೇಲೆ ಮಳೆ ನಿಂತಿತ್ತು. ಹೊತ್ತು ಇಳಿಯಿತು. ಏರಿಯ ಮೇಲಿನ ಜನ ಎದ್ದು ಮನೆಗೆ ಹೋದರು. ಚಪ್ಪಾಳೆ ಇಲ್ಲವಾಯಿತು. ಆಗ ತೆಪ್ಪಗಾರ ಮುದುಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಅಜ್ಜೀ, ಈ ಕೆರೆಗೆ ಕೋಡಿ ಎಲ್ಲಿದೆ?"

"ಅಯ್ಯೋ ನನ್ನಪ್ಪಾ, ಗಾಳ ಹಾಕುವವರು ಇನ್ನೆಲ್ಲಿ ಕೂರುತ್ತಾರೆ? ಮೀನು ಸೇರುವುದೇ ಕೋಡಿಯ ಹತ್ತಿರ. ಇಗೋ, ಈ ಜೊಂಡಿನ ಹಿಂದೆ. ನಾಲ್ಕನೆಯ ಊರಿನವನು ಅಲ್ಲೇ ಕಾದು ಕಾದು ಮನೆಗೆ ಹೋದ" ಎಂದು ಅವಳು ಗಾಳದ ಕೋಲಿನಿಂದ ತೋರಿಸಿದಳು.

ತೆಪ್ಪಗಾರ ಜೊಂಡು ಸರಿಸಿ ನೋಡಿದ. ಕೋಡಿ ಇತ್ತು. ಕಲ್ಲುಗಳು ಹೊರಗೆ ಕಾಣುತ್ತಿದ್ದವು. ಅವುಗಳ ನಡುವೆ ಒಂದು ಎಲೆ ತೇಲುವಷ್ಟು ನೀರು ಹೋಗುತ್ತಿತ್ತು.

"ಮೊದಲೇ ಕೇಳಿದ್ದರೆ ಈ ಹೊತ್ತಿಗೆ ನಿನ್ನ ತೆಪ್ಪ ನಾಲ್ಕನೆಯ ಕೆರೆಯನ್ನೂ ದಾಟಿರುತ್ತಿತ್ತಲ್ಲಪ್ಪಾ" ಎಂದಳು ಮುದುಕಿ. "ಗಾಳಿ ಚೆನ್ನಾಗಿದೆ ಅಂದೆ. ಇರಲಿ, ಕೂತುಕೋ. ಗಾಳಿ ಇನ್ನೂ ಇದೆ."

ಕೊನೆಯ ಊರಿನಲ್ಲಿ ಮಕ್ಕಳು ಬೆಳಗಿನಿಂದ ಏರಿಯ ಮೇಲೆ ಕೂತಿದ್ದರು. ತಾಯಂದಿರು ಊಟಕ್ಕೆ ಕರೆದರೂ ಏಳಲಿಲ್ಲ. ಕತ್ತಲಾದ ಮೇಲೆ, ನಿದ್ದೆ ಹೋದವರನ್ನು ಎತ್ತಿಕೊಂಡು ಹೋದರು. ಆ ವರ್ಷ ನೀರು ಕೊನೆಯ ಕೆರೆಗೆ ಹೋಯಿತು. ತೆಪ್ಪ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕುಟ್ಟಿದ ಬೇರನ್ನು ಬಟ್ಟೆಗೆ ಹಾಕಿ ಗಂಟು ಕಟ್ಟಿದರು. ಶಿಷ್ಯ ಆ ಗಂಟನ್ನು ನೋಡಿದ. ಅದು ದಾರಿಯಲ್ಲಿ ಜ್ವರ ಬಂದರೆ ಕುಡಿಯುವ ಕಷಾಯದ ಬೇರು. ಗುರುಗಳು ಅದನ್ನು ಶಿಷ್ಯನ ಮುಂದೆ ಇಟ್ಟರು.

"ಅಷ್ಟು ಬಲ್ಲವನು. ಅವನಿಗೆ ಮೊದಲ ಕೋಡಿಯಲ್ಲಿ ಇಳಿಯಲು ಏನು ಕಷ್ಟವಾಗಿತ್ತು ಗುರುಗಳೇ?" ಎಂದು ಶಿಷ್ಯ ಕೇಳಿದ.

"ಕಷ್ಟವೇ ಮಗು, ಈಗ ನಾನೂ ನಿನ್ನನ್ನು ಪಂಡಿತನ ಕೈಗೆ ಕೊಟ್ಟು ಇಳಿಯುತ್ತಿದ್ದೇನಲ್ಲ" ಎಂದರು ಗುರುಗಳು.

ಶಿಷ್ಯ ಬೇರಿನ ಗಂಟನ್ನು ಎತ್ತಿಕೊಂಡು, ಬೆಳಗಿನ ಗಾಡಿಗೆ ಬುತ್ತಿ ಕಟ್ಟಲು ಎದ್ದ.