ಕಿಂಡಿಗುಡ್ಡದ ಲೈನುಮನೆಗಳು

ಘಟ್ಟದ ಸೆರಗಿನಲ್ಲಿರುವ ಕಿಂಡಿಗುಡ್ಡದ ಕಾಫಿ ತೋಟಕ್ಕೆ ಜನ ಇಂದಿಗೂ ಬಂಗಲೆ ನೋಡಲೆಂದೇ ಬರುತ್ತಾರೆ. ಸುತ್ತಲೂ ಕಲ್ಲುಕಂಬದ ಜಗಲಿ, ಆಳೆತ್ತರದ ಕಿಟಕಿಗಳು. ಕೆಳಗೆ ಕಾಫಿ ಒಣಗಿಸುವ ಕಣ, ಕಣದಂಚಿಗೆ ಗೋದಾಮು, ಅದರಾಚೆ ಆಳುಗಳ ಹತ್ತು ಲೈನುಮನೆಗಳು. ಇವು ಏಳುವ ಮೊದಲು ಈ ಗುಡ್ಡಕ್ಕೆ ಹೆಸರೇ ಇರಲಿಲ್ಲ ಎನ್ನುತ್ತಾರೆ.

ಹಿಂದೆ, ರುದ್ರೇಗೌಡರು ಕಾಡು ಕಡಿಸಿ ತೋಟ ಮಾಡಿದ ಕಾಲದಲ್ಲಿ, ಇವೆಲ್ಲವನ್ನೂ ಕಟ್ಟಿದವನು ಕರಾವಳಿಯಿಂದ ಬಂದ ದೂಮಣ್ಣ ಮೇಸ್ತ್ರಿ. ಗೋದಾಮಿಗೆ ಅವನು ಎಂಟು ಗಾಳಿಕಿಂಡಿ ಇಟ್ಟ. ಗಾಳಿಯಾಡದಿದ್ದರೆ ಕಾಫಿ ಬೂಷ್ಟು ಹಿಡಿಯುತ್ತದೆಂದು ಗೌಡರಿಗೆ ಅವನೇ ತಿಳಿಹೇಳಿದ್ದ. ಲೈನುಮನೆಗಳ ಸರದಿ ಬಂದಾಗ ಗೌಡರು, ಕಿಂಡಿಯಿಟ್ಟರೆ ಆಳುಗಳು ಕದ್ದ ಕಾಫಿಬೀಜ ಅದರಿಂದ ಹೊರಗೆ ದಾಟಿಸುತ್ತಾರೆ, ಗೋಡೆ ಮುಚ್ಚಿಯೇ ಕಟ್ಟು ಎಂದರು. ಒಲೆ ಒಳಗೇ ಉರಿಯುತ್ತದೆಂದು ಗೊತ್ತಿದ್ದೂ ದೂಮಣ್ಣ ಬಾಯಿ ಬಿಡಲಿಲ್ಲ. ಒಳ್ಳೆಯ ಧಣಿ, ಮುಂದೆಯೂ ಕೆಲಸ ಕೊಡುವವರು. ಎದುರು ಮಾತು ಯಾಕೆ ಎಂದುಕೊಂಡ.

ಮೊದಲ ಮಳೆಗಾಲ ಕಳೆದ ಮೇಲೆ ದೂಮಣ್ಣ ಲೈನುಮನೆಗಳ ಹೆಂಚು ಸರಿಪಡಿಸಲು ಹೋದಾಗ ಹೊನ್ನಿ ತನ್ನ ಮನೆ ಬಾಗಿಲಲ್ಲಿ ಕೂತಿದ್ದಳು. ಬಂಗಲೆ ಕಟ್ಟುವಾಗ ಬಸುರಿಯಾಗಿದ್ದೂ ಅವನಿಗೆ ಗಾರೆ ಹೊತ್ತುಕೊಟ್ಟವಳು ಅವಳು. ಕೂಸು ಹೇಗಿದೆ ಎಂದು ಕೇಳಿದ. ಮಳೆಗೆ ಬಾಗಿಲು ಹಾಕಿ ಒಲೆ ಹೊತ್ತಿಸಿದ ದಿನಗಳಲ್ಲಿ ಹೊಗೆಗೆ ಕೆಮ್ಮಿ ಕೆಮ್ಮಿ ಹೋಯಿತು ಎಂದಳು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು:

"ಕಾಫಿಗೆ ಗಾಳಿ ಬೇಕು ಅಂತ ನಿಮಗೆ ಗೊತ್ತಿತ್ತಲ್ಲ ಮೇಸ್ತ್ರಿಗಳೇ?"

ದೂಮಣ್ಣನಿಗೆ ಅವಳ ಮುಖ ನೋಡಲಾಗಲಿಲ್ಲ. ಹಾರೆ, ಉಳಿ ತಂದವನು ಅಲ್ಲಿಯೇ ಗೋಡೆ ಒಡೆಯತೊಡಗಿದ. ಸದ್ದು ಕೇಳಿ ಬಂದ ಗೌಡರು, ಯಾರ ಅಪ್ಪಣೆ ಎಂದು ಗದರಿದರು.

"ಒಂದು ಗಳಿಗೆ ಒಳಗೆ ಕೂತು ಬನ್ನಿ ಗೌಡರೇ. ಆಮೇಲೆ ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ," ಎಂದ.

ಗೌಡರು ಒಲೆ ಉರಿಯುತ್ತಿದ್ದ ಪಕ್ಕದ ಮನೆ ಹೊಕ್ಕರು. ಕಣ್ಣೊರೆಸಿಕೊಳ್ಳುತ್ತ ಹೊರಬಂದವರು ಯಾರನ್ನೂ ನೋಡದೆ ಬಂಗಲೆಯ ಕಡೆ ನಡೆದುಬಿಟ್ಟರು. ನಿಲ್ಲಿಸೆಂದು ಹೇಳಿಕಳಿಸಲಿಲ್ಲ.

ನಾಲ್ಕು ದಿನದಲ್ಲಿ ಹತ್ತೂ ಮನೆಗೆ ಕಿಂಡಿಯಾಯಿತು, ಗುಡ್ಡಕ್ಕೆ ಹೆಸರಾಯಿತು. ದೂಮಣ್ಣ ಹೊರಟಾಗ ಗೌಡರು, ಬಂಗಲೆಯ ಬಾಗಿಲ ಕಲ್ಲಿನಲ್ಲಿ ತಮ್ಮ ಹೆಸರಿನ ಕೆಳಗೆ ಅವನದನ್ನೂ ಕೆತ್ತಿ ಹೋಗೆಂದರು. "ನನ್ನ ಹೆಸರು ಇಲ್ಲಿ ಬೇಡ," ಎಂದಷ್ಟೇ ಹೇಳಿ ಅವನು ಘಟ್ಟ ಇಳಿದ. ಹೊನ್ನಿಗೆ ಹೇಳಿ ಹೋಗುವ ಧೈರ್ಯವೂ ಅವನಿಗಾಗಲಿಲ್ಲ ಎನ್ನುತ್ತಾರೆ.

ಬಂದವರು ಈಗಲೂ ಗೋದಾಮಿನ ಕಿಂಡಿಗಳ ಕಮಾನನ್ನು ಹೊಗಳುತ್ತಾರೆ. ಲೈನುಮನೆಗಳ ಕಿಂಡಿಗಳಿಗೆ ಕಮಾನಿಲ್ಲ, ಚೌಕಟ್ಟಿಲ್ಲ. ಒಂದು ಮೇಲೆ, ಒಂದು ಕೆಳಗೆ, ಅಂಚೆಲ್ಲ ಒರಟು. ಸಂಜೆ ಒಲೆಗಳು ಹೊತ್ತಿದಾಗ ಹತ್ತರಿಂದಲೂ ಹೊಗೆ ಹೊರಗೆ ಬರುತ್ತದೆ.