ಬಾರದವರ ಪಾಲು

"ಗುರುಗಳೇ, ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಬಂದರೆ ಸಾಲದೇ? ಒಳಗೆ ಹೋಗಿ ಕೂರಲೇಬೇಕೇ?" ಎಂದು ಕ್ಲೆಯೋನ ಕೇಳಿದ.

ಪ್ರಾರ್ಥನೆ ಮುಗಿದಿತ್ತು. ಸಭೆಗೆ ಬಾರದವರ ಪಾಲಿನ ರೊಟ್ಟಿ ಅವನ ಕೈಯಲ್ಲಿತ್ತು. ಜ್ವರದಿಂದ ಮಲಗಿದ್ದ ಒಬ್ಬ ವಿಧವೆಗೆ ಅದನ್ನು ಮುಟ್ಟಿಸಬೇಕಿತ್ತು. ಆ ಜ್ವರವೆಂದರೆ ಅವನಿಗೆ ಜೀವಭಯ.

ಸಭೆಯ ಹಿರಿಯ ಹೆರ್ಮಿಯನ ಮುಖ ಕೆಂಪಾಯಿತು. "ಕೂತುಕೋ, ಹೇಳುತ್ತೇನೆ," ಎಂದ.

ಒಂದೂರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಆ ಊರಿನ ಸಭೆಯಲ್ಲೂ ನಮ್ಮದೇ ಪದ್ಧತಿ. ಒಬ್ಬ ಸ್ತೋತ್ರ ಹೇಳಬೇಕು, ಇನ್ನೊಬ್ಬ ಹೌದು, ಹಾಗೇ ಆಗಲಿ ಎಂದು ಆಮೆನ್ ಅನ್ನಬೇಕು, ಆಮೇಲೆಯೇ ರೊಟ್ಟಿ ಮುರಿಯಬೇಕು. ಬಣ್ಣಗಾರ ಇಂಥದೇ ಜ್ವರದಿಂದ ಹಾಸಿಗೆ ಹಿಡಿದ. ಸಭೆಯವರು ತಪ್ಪದೆ ರೊಟ್ಟಿ ಕಳಿಸಿದರು. ಅಬ್ಬಾ, ಎಂಥ ಧರ್ಮಾತ್ಮರು! ತಂದವನು ಹೊಸ್ತಿಲ ಮೇಲಿಡುತ್ತಿದ್ದ, ಬಾಗಿಲು ತಟ್ಟುತ್ತಿದ್ದ, ಓಡುತ್ತಿದ್ದ. ಬಣ್ಣಗಾರ ತೆವಳಿಕೊಂಡು ಬಂದು ರೊಟ್ಟಿ ಎತ್ತಿಕೊಳ್ಳುತ್ತಿದ್ದ. ಸ್ತೋತ್ರ ಹೇಳಿ ಬಾಗಿಲ ಕಡೆ ನೋಡುತ್ತಿದ್ದ. ಆಮೆನ್ ಅನ್ನಲು ಅಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ರೊಟ್ಟಿ ಮುರಿಯದೆ ಹಾಗೇ ಎತ್ತಿಡುತ್ತಿದ್ದ.

ಪಕ್ಕದ ಮನೆಯಲ್ಲಿ ಮೀನು ಮಾರುವವಳೊಬ್ಬಳಿದ್ದಳು. ಅವಳ ದೇವರೇ ಬೇರೆ. ಅವಳೇ ಅವನಿಗೆ ಗಂಜಿ ಕುಡಿಸಿದಳು, ಮೈ ಒರೆಸಿದಳು. ಕೊನೆಯ ದಿನ ಅವನು ಅವಳೆದುರು ಸ್ತೋತ್ರ ಹೇಳಿ, ಅವಳ ಮುಖ ನೋಡುತ್ತಾ ಕಾದ. ಅವಳಿಗೆ ಏನೂ ತಿಳಿಯಲಿಲ್ಲ. ಪಾಪ ಅನಿಸಿ "ಹೂಂ ಕಣಪ್ಪಾ, ಹೂಂ" ಅಂದಳು. ಅವನು ನಕ್ಕ. ರೊಟ್ಟಿ ಮುರಿದು ಅರ್ಧ ಅವಳಿಗೆ ಕೊಟ್ಟ, ಅರ್ಧ ತಾನು ತಿಂದು ಕಣ್ಣು ಮುಚ್ಚಿದ.

ಆಗ ಬಂದಿತಪ್ಪಾ ಸಭೆಗೆ ಸಭೆಯೇ! ತಲೆದಿಂಬಿನ ಬಳಿ ಒಣಗಿದ ರೊಟ್ಟಿಗಳು ಹಾಗೇ ಇದ್ದವು. ಅವು ಅವರ ಕಣ್ಣಿಗೆ ಬೀಳಲಿಲ್ಲ; ಬಿದ್ದದ್ದು ಅವಳ ಕೈಯಲ್ಲಿ ಉಳಿದಿದ್ದ ತುಂಡು. "ನಮ್ಮ ಪವಿತ್ರ ರೊಟ್ಟಿ ನೀನು ತಿಂದೆಯಾ?" ಎಂದು ಅವಳ ಮೇಲೆ ಹರಿಹಾಯ್ದರು.

ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ದಿನಾ ಬಾಗಿಲು ನೋಡ್ತಾ ಬಿದ್ದಿದ್ದ. ಎಲ್ಲಿ ಸತ್ತಿದ್ರಿ ನೀವೆಲ್ಲ?" ಎಂದು ಕೇಳಿದಳು.

ಹೆರ್ಮಿಯ ಸಿಟ್ಟಿನಿಂದಲೇ ಕಥೆ ಮುಗಿಸಿದ. ಕ್ಲೆಯೋನ ತನ್ನ ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡ. ಆದರೂ ಮೆಲ್ಲನೆ, "ಅವಳು ಸಭೆಯವಳಲ್ಲವಲ್ಲ, ಗುರುಗಳೇ?" ಎಂದ.

"ಆ ದಿನ ನಿಜವಾದ ಸಭೆ ಕೂಡಿದ್ದು ಅವರಿಬ್ಬರೇ ಇದ್ದ ಆ ಮನೆಯಲ್ಲಿ; ಬಾರದವರು ಯಾರು, ಈಗ ನೀನೇ ಹೇಳು."