ಬೆಟ್ಟದ ಮೇಲೆ ಬಿಚ್ಚಿದ ಕೊಡ

"ಇರುವ ಔಷಧಿ ಸ್ವಲ್ಪ, ಬೇಕಾದವರು ಬಹಳ. ಯಾರಿಂದ ಕೊಡಲು ಆರಂಭಿಸಲಿ ಗುರುಗಳೇ?"

ಕೇಳಿದವನು ಮಠದ ಔಷಧಾಲಯವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಆ ಬೆಳಿಗ್ಗೆ ಅವನು ಹತ್ತಿರದ ಬೀದಿಗಳಿಂದ ಬಂದವರಿಗೆಲ್ಲ ಕೊಟ್ಟು ಮುಗಿಸಿ, ದೂರದಿಂದ ನಡೆದು ಬಂದವರನ್ನು ಬರಿಗೈಯಲ್ಲಿ ಕಳುಹಿಸಿದ್ದನು.

ಗುರು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಮಳೆಗಾಲ ಮುಗಿದೊಡನೆ ಜ್ವರ ಹರಡುತ್ತಿತ್ತು. ಜ್ವರ ಬಂದ ಹತ್ತು ದಿನದೊಳಗೆ ಕಷಾಯ ಕುಡಿದವರು ಬದುಕುತ್ತಿದ್ದರು. ಕುಡಿಯದವರಲ್ಲಿ ಬಹಳ ಮಂದಿ ಉಳಿಯುತ್ತಿರಲಿಲ್ಲ. ಆ ಕಷಾಯ ಕಾಯಿಸಲು ರಾಜಧಾನಿಯ ಒಬ್ಬ ವೈದ್ಯನಿಗೆ ಮಾತ್ರ ಬರುತ್ತಿತ್ತು. ಅವನು ಕೆಟ್ಟವನಲ್ಲ. ಪ್ರತಿ ವರ್ಷವೂ ಹನ್ನೆರಡು ಕೊಡ ಕಾಯಿಸಿ, ಮೊದಲು ನಗರಕ್ಕೆ ಹಂಚಿ, ಉಳಿದದ್ದನ್ನು ಗಾಡಿಯಲ್ಲಿ ಕಳುಹಿಸುತ್ತಿದ್ದನು. ನಗರದಲ್ಲಿ ಜ್ವರವಿಲ್ಲದವರೂ ಇರಲಿ ಎಂದು ಒಂದು ಗಿಂಡಿ ತೆಗೆದಿಡುತ್ತಿದ್ದರು. ಗಾಡಿ ದಾರಿಯ ಊರುಗಳಲ್ಲಿ ನಿಲ್ಲುತ್ತ ಬೆಟ್ಟ ಹತ್ತುತ್ತಿತ್ತು. ಬೆಟ್ಟದ ಮೇಲಿನ ಕೊನೆಯ ಊರು ಮುಟ್ಟುವಾಗ ಕೊಡಗಳು ಬರಿದಾಗಿರುತ್ತಿದ್ದವು.

ಆ ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ತಾನು ಹೆರಿಗೆ ಮಾಡಿಸಿದ ಎಷ್ಟೋ ಮಕ್ಕಳು ಜ್ವರದಲ್ಲಿ ಮಣ್ಣಾದುದನ್ನು ಅವಳು ಕಂಡಿದ್ದಳು. ಅವರಲ್ಲಿ ಅವಳ ಮಗಳೂ ಒಬ್ಬಳು. ಒಂದು ವರ್ಷ ಜ್ವರ ಕಾಣಿಸಿದ ದಿನವೇ ಅವಳು ಬೆಟ್ಟ ಇಳಿದು, ಮೂರು ದಿನ ನಡೆದು, ವೈದ್ಯನ ಮುಂದೆ ನಿಂತಳು. ಹೆಚ್ಚು ಕೊಡಿ ಎಂದು ಕೇಳಲಿಲ್ಲ. ಕಾಯಿಸಿಟ್ಟ ಹನ್ನೆರಡು ಕೊಡಗಳನ್ನು ದಾರಿಯಲ್ಲೆಲ್ಲೂ ಬಿಚ್ಚದೆ ಬೆಟ್ಟಕ್ಕೆ ಒಯ್ಯಬೇಕು, ಅಲ್ಲಿಂದ ಹಂಚುತ್ತ ಕೆಳಗಿಳಿಯಬೇಕು, ನಗರಕ್ಕೆ ಕೊನೆಯಲ್ಲಿ ಕೊಡಬೇಕು ಎಂದಳು.

"ಅಲ್ಲಿಯವರೆಗೆ ನಗರದವರಿಗೆ ನಾನು ಏನು ಹೇಳಲಮ್ಮ?" ಎಂದನು ವೈದ್ಯ.

"ಬರುತ್ತದೆ ಎಂದು ಹೇಳಿ ಸ್ವಾಮಿ. ಹನ್ನೊಂದು ವರ್ಷದಿಂದ ನಮಗೆ ಅದನ್ನೇ ಹೇಳಿದ್ದೀರಿ."

ವೈದ್ಯ ತಲೆ ತಗ್ಗಿಸಿದನು. ಕೊಡಗಳ ಬಾಯಿಗೆ ಬಟ್ಟೆ ಕಟ್ಟಿಸಿ, ಗಾಡಿಯನ್ನು ಅವಳ ವಶಕ್ಕೆ ಕೊಟ್ಟನು.

ದಾರಿಯ ಒಂದು ಊರಿನಲ್ಲಿ ಒಬ್ಬ ತಾಯಿ ಜ್ವರದ ಮಗುವನ್ನು ಎತ್ತಿಕೊಂಡು ಗಾಡಿಗೆ ಅಡ್ಡ ನಿಂತಳು. ಸೂಲಗಿತ್ತಿ ಇಳಿದು ಮಗುವಿನ ಮೈ ಮುಟ್ಟಿ ನೋಡಿದಳು. ಜ್ವರ ಬಂದು ಎರಡು ದಿನವಾಗಿತ್ತು. ಇಲ್ಲಿ ಬಿಚ್ಚಿದರೆ ಮುಂದಿನ ಊರಿನಲ್ಲೂ ಬಿಚ್ಚಬೇಕಾಗುತ್ತದೆ, ಮೇಲೆ ಮತ್ತೆ ಬರಿಯ ಕೊಡ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಾಲ್ಕನೆಯ ದಿನ ಬಂದೇ ಬರುತ್ತೇನೆ, ಈ ಮಗುವಿನ ಪಾಲು ತರುತ್ತೇನೆ ಎಂದು ತಾಯಿಯ ಕೈ ಹಿಡಿದು ಮಾತು ಕೊಟ್ಟಳು. ಗಾಡಿ ಊರು ದಾಟಿದ ಮೇಲೆ ಬಹಳ ಹೊತ್ತು ಅತ್ತಳು.

ಬೆಟ್ಟದ ಊರಿನಲ್ಲಿ ಜ್ವರ ಇದ್ದವರಿಗೆಲ್ಲ ಅಳೆದು ಕುಡಿಸಿದಳು. ಒಂದೂವರೆ ಕೊಡ ಸಾಕಾಯಿತು. ಆಗ ಊರ ಹಿರಿಯನೊಬ್ಬ, ಬರುವ ವರ್ಷ ಗಾಡಿ ಬರುವುದೋ ಇಲ್ಲವೋ, ಇನ್ನೆರಡು ಕೊಡ ಇಲ್ಲಿಯೇ ಇಳಿಸೋಣ ಎಂದನು. ಹಲವರು ತಲೆಯಾಡಿಸಿದರು. ಸೂಲಗಿತ್ತಿ ಸಿಟ್ಟಾಗಲಿಲ್ಲ.

"ಅಣ್ಣಾ, ಇಷ್ಟು ವರ್ಷ ನಾವು ಕೊನೆಯಲ್ಲಿ ನಿಂತವರು. ಇವತ್ತು ಮೊದಲು ನಿಂತಿದ್ದೇವೆ. ಮೊದಲು ನಿಂತವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕೆಳಗಿನವರು ನಮ್ಮನ್ನು ನೋಡಿ ಕಲಿಯಲಿ."

ಹಿರಿಯ ಅಳೆದು ಉಳಿದ ಅರ್ಧ ಕೊಡವನ್ನು ತಾನೇ ಎತ್ತಿ ಗಾಡಿಯಲ್ಲಿಟ್ಟನು. ಊರಿಗೆ ಊರೇ ಗಾಡಿಯ ಹಿಂದೆ ತಿರುವಿನವರೆಗೆ ನಡೆದು ಬಂದಿತು. ಮದುವೆಯಾದ ಮಗಳನ್ನು ಕಳುಹಿಸಿಕೊಡುವವರ ಹಾಗೆ ಅವರು ತಲೆಯೆತ್ತಿ ನಡೆದರು.

ನಾಲ್ಕನೆಯ ದಿನ ಆ ಮಗು ಕಷಾಯ ಕುಡಿಯಿತು. ಎರಡು ದಿನ ಕಳೆದು ಗಂಜಿ ಬೇಕೆಂದು ಕೇಳಿತು. ಬೆಟ್ಟದವರು ಮಾಡಿದ್ದನ್ನು ಕೇಳಿ, ದಾರಿಯ ಊರುಗಳಲ್ಲಿ ಜ್ವರವಿಲ್ಲದವರು ಗಿಂಡಿ ಹಿಡಿದು ಬರಲಿಲ್ಲ. ಹಾಗೆ ಗಾಡಿ ನಗರಕ್ಕೂ ಬಂತು. ಸೂಲಗಿತ್ತಿ ಬೀದಿ ಬೀದಿಗೆ ಹಂಚಿದಳು. ಇನ್ನೂ ಎರಡು ಬೀದಿ ಉಳಿದಿರುವಾಗ ಕೊಡಗಳು ಬರಿದಾದವು. ಆ ಎರಡು ಬೀದಿಗಳಲ್ಲಿ ಮಂತ್ರಿಗಳೂ ದೊಡ್ಡ ವರ್ತಕರೂ ಇದ್ದರು.

ಅಂದು ಮಧ್ಯಾಹ್ನದೊಳಗೆ ವೈದ್ಯನ ಅಂಗಳಕ್ಕೆ ಸೌದೆ ಬಂತು, ಹೊಸ ಹಂಡೆಗಳು ಬಂದವು. ಕಷಾಯ ಕಾಯಿಸಲು ಕಲಿಯಿರಿ ಎಂದು ಹತ್ತು ಜನರನ್ನು ಅರಮನೆಯೇ ಕಳುಹಿಸಿತು. ಎರಡು ದಿನದಲ್ಲಿ ಮತ್ತೆ ಹನ್ನೆರಡು ಕೊಡ ತುಂಬಿದವು. ಆ ಬೀದಿಗಳಲ್ಲಿಯೂ ಯಾರೂ ಸಾಯಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ಬೆಟ್ಟದಿಂದ ಆರಂಭಿಸಿದ ವರ್ಷ ಔಷಧಿಗೆ ಕೊರತೆ ಬರಲಿಲ್ಲ ಅನ್ನಿ," ಎಂದನು ಶಿಷ್ಯ.

"ಕೊರತೆ ಆ ವರ್ಷವೂ ಇತ್ತು, ಆದರೆ ಆ ವರ್ಷ ಅದು ಅರಮನೆಗೆ ಕೇಳಿಸಿತು," ಎಂದರು ಗುರು.